ಓದುಗರ ಪ್ರಶ್ನೆ: ಇಂಟರ್ವಲ್ಲಿಗೇ ಗೊತ್ತಾಗುವ ‘ಶುಭಂ’

ಸಿನಿಮಾದ ಕೊನೆ ಮೊದಲೇ ಗೊತ್ತಾಗಿಬಿಡುವ ಬಗ್ಗೆ ಮಂಡ್ಯ, ಮೈಸೂರು ಕಡೆಯಿಂದ ಈ ಸಲ ಸಾಕಷ್ಟು ಪತ್ರ ಬಂದಿವೆ. ಕೆಲವರು ಪ್ರೇಕ್ಷಕರಾಗಿ ಕೇಳಿದ್ದಾರೆ, ಕೆಲವರು ಬರೆಯುವವರಾಗಿ. ಚಿತ್ರಕಥೆಯ ಕೆಲಸ ಬಲ್ಲವರು ಉತ್ತರಿಸಿದ್ದಾರೆ.

ಇಂಟರ್ವಲ್ ಹೊತ್ಗೇ ಕೊನೆ ಗೊತ್ತಾಗ್ಬುಡ್ತದೆ. ಬರೆಯೋರಿಗೆ ಬುದ್ಧಿ ಸಾಲದಾ, ಇಲ್ಲ ನಾವೇ ಜಾಸ್ತಿ ಸಿನಿಮಾ ನೋಡ್ಬುಟ್ಟಿದ್ದೀವಾ?
ಓದುಗರು, ಮದ್ದೂರು

ನೀವು ನೋಡಿರುವ ಸಿನಿಮಾಗಳ ಪಾಲು ಇದರಲ್ಲಿ ದೊಡ್ಡದು. ಪರದೆಯ ಮೇಲಿನ ಗುರುತುಗಳನ್ನು ಕಣ್ಣು ತಾನಾಗಿ ಓದಲು ಕಲಿತಿರುತ್ತದೆ. ಹೆಸರಾಂತ ನಟರೊಬ್ಬರು ಮೊದಲರ್ಧದಲ್ಲಿ ಎರಡೇ ನಿಮಿಷ ಬಂದು ಹೋದರೆ, ಅವರಿಗೆ ಕೊನೆಯಲ್ಲಿ ಕೆಲಸವಿದೆ ಎಂದು ಗೊತ್ತಾಗುತ್ತದೆ. ತಾಯಿಯ ಕೊರಳಿನ ಪದಕವನ್ನು ಕ್ಯಾಮೆರಾ ಕಾರಣವಿಲ್ಲದೆ ಮೂರು ಸೆಕೆಂಡು ನೋಡಿದರೆ, ಕಳೆದುಹೋದ ಮಗ ಸಿಗುವುದು ಅದರಿಂದಲೇ. 2 ಗಂಟೆ 20 ನಿಮಿಷದ ಚಿತ್ರದಲ್ಲಿ 1 ಗಂಟೆ 50 ನಿಮಿಷಕ್ಕೆ ನಾಯಕ ಎಲ್ಲವನ್ನೂ ಕಳೆದುಕೊಂಡರೆ, ಉಳಿದ ಅರ್ಧ ಗಂಟೆ ಅವನು ಅಳುತ್ತಾ ಕೂರಲಾರ ಎಂಬುದು ಮಕ್ಕಳಿಗೂ ಗೊತ್ತು.

ಇವುಗಳಿಂದ ದೊಡ್ಡ ನಷ್ಟವಿಲ್ಲ. ನಿಜವಾಗಿ ಕಥೆ ಕೆಡಿಸುವ ಗುರುತು ಇನ್ನೊಂದಿದೆ: ಎದುರಾಳಿಯಲ್ಲಿ ಒಂದೂ ಒಳ್ಳೆಯ ಗುಣ ಇಲ್ಲದಿರುವುದು. ನಾಯಕಿಗೆ ಗೊತ್ತು ಮಾಡಿದ ಇನ್ನೊಬ್ಬ ಹುಡುಗ ಮೊದಲ ಸೀನಿನಲ್ಲೇ ಮನೆಗೆಲಸದವರನ್ನು ಗದರಿದರೆ, ಅವಳು ಯಾರನ್ನು ಆರಿಸುತ್ತಾಳೆ ಎಂಬ ಪ್ರಶ್ನೆ ಅಲ್ಲೇ ಸತ್ತಿತು. ಆಮೇಲಿನ ಒಂದೂವರೆ ಗಂಟೆ ಬರೀ ಕಾಯುವಿಕೆ. ಆ ಹುಡುಗನಿಗೆ ನಾಯಕನಲ್ಲಿ ಇಲ್ಲದ ಒಂದು ಒಳ್ಳೆಯತನ ಕೊಟ್ಟು ನೋಡಲಿ. ನಾಯಕ ಮಾತು ಕೊಟ್ಟು ತಡವಾಗಿ ಬರುವವನಾದರೆ ಇವನು ಹೇಳಿದ ಹೊತ್ತಿಗೆ ಬಾಗಿಲಲ್ಲಿ ನಿಲ್ಲುವವನಾಗಲಿ. ಕೊನೆಗೆ ಅವಳು ನಾಯಕನನ್ನೇ ಆರಿಸಲಿ, ಆದರೆ ಅಲ್ಲಿಯವರೆಗೆ ನೋಡುವವರ ಜೀವ ಹಗ್ಗದ ಮೇಲಿರುತ್ತದೆ.

ಕೊನೆ ಗೊತ್ತಿದ್ದ ಮೇಲೆ ಕೂತು ನೋಡುವುದರಲ್ಲಿ ಏನು ಸುಖ?
ಓದುಗರು, ನಂಜನಗೂಡು

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವ ರಾತ್ರಿಯನ್ನು ನೆನೆಸಿಕೊಳ್ಳಿ. ದುರ್ಯೋಧನ ಗೆಲ್ಲುವುದಿಲ್ಲ ಎಂಬುದು ಗೊತ್ತಿಲ್ಲದವರು ಆ ಚಪ್ಪರದಡಿ ಒಬ್ಬರೂ ಇರುವುದಿಲ್ಲ. ಆದರೂ ಬೆಳಗಿನ ಜಾವದವರೆಗೆ ಜನ ಕದಲುವುದಿಲ್ಲ. ತಾಯಿ ಕುಂತಿ ಬಂದು ನಿಂತಾಗ ಈ ಊರಿನ ಕರ್ಣ ಹೇಗೆ ಹಾಡುತ್ತಾನೆ, ಸಂಧಾನಕ್ಕೆ ಬಂದ ಕೃಷ್ಣನಿಗೆ ಈ ದುರ್ಯೋಧನ ಹೇಗೆ ಮಾತು ತಿರುಗಿಸುತ್ತಾನೆ ಎಂಬುದಕ್ಕೆ ಅವರು ಕಾದಿರುತ್ತಾರೆ. ಹಾಡು ಹಿಡಿಸಿದರೆ ಒನ್ಸ್ ಮೋರ್ ಕೂಗಿ ಮತ್ತೊಮ್ಮೆ ಹಾಡಿಸುತ್ತಾರೆ. ಗೊತ್ತಿರುವುದನ್ನೇ ಎರಡನೇ ಸಲ ಕೇಳಿಸಿಕೊಳ್ಳುವ ಸುಖ ಅದು.

ಎದೆ ನಡುಗಿಸುವ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಇದನ್ನೇ ಬಾಂಬಿನ ಉದಾಹರಣೆಯಿಂದ ವಿವರಿಸುತ್ತಿದ್ದರು. ಮೇಜಿನ ಕೆಳಗೆ ಬಾಂಬು ಇರುವುದು ಪ್ರೇಕ್ಷಕರಿಗೆ ಗೊತ್ತಿಲ್ಲದೆ ಸಿಡಿದರೆ 15 ಸೆಕೆಂಡಿನ ಬೆಚ್ಚು. ಬಾಂಬು ಇದೆ, ಒಂದು ಗಂಟೆಗೆ ಸಿಡಿಯುತ್ತದೆ, ಗೋಡೆ ಗಡಿಯಾರದಲ್ಲಿ ಈಗ ಕಾಲು ಗಂಟೆ ಬಾಕಿ ಎಂದು ತೋರಿಸಿದರೆ, ಮೇಜಿನ ಸುತ್ತಲಿನ ಸಾಧಾರಣ ಮಾತುಕತೆಯೂ 15 ನಿಮಿಷದ ತಳಮಳ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ವಿಭಾಗದ ಲೆವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ 12 ಸಣ್ಣಕಥೆಗಳನ್ನು ಇಟ್ಟುಕೊಂಡು ಪ್ರಯೋಗ ಮಾಡಿದರು. ಕೊನೆಯನ್ನು ಮೊದಲೇ ತಿಳಿಸಿ ಓದಿಸಿದಾಗ ಓದುಗರು ಒಟ್ಟಾರೆ ಹೆಚ್ಚೇ ಮೆಚ್ಚಿಕೊಂಡಿದ್ದರು.

ಹಾಗಾಗಿ ‘ಏನಾಗುತ್ತದೆ’ ಎಂಬುದು ತಿಳಿದರೆ ಕಥೆ ಕೆಡುವುದಿಲ್ಲ. ‘ಹೇಗೆ ಆಗುತ್ತದೆ’ ಎಂಬುದೂ ತಿಳಿದುಬಿಟ್ಟರೆ ಕೆಡುತ್ತದೆ.

18 ನಿಮಿಷದ ಕಿರುಚಿತ್ರ ಬರೆದಿದ್ದೇನೆ. ಮಂಡ್ಯದ ಕಬ್ಬು ಬೆಳೆಗಾರ ಸಾಲಕ್ಕೆ ಎರಡು ಎಕರೆ ಮಾರಲು ಹೊರಟಿದ್ದಾನೆ. ಕೊನೆಯಲ್ಲಿ ಬೆಂಗಳೂರಿನ ತಮ್ಮ ದುಡ್ಡು ತರುತ್ತಾನೆ, ಅದೇ ಹೊತ್ತಿಗೆ ಮಳೆಯೂ ಬರುತ್ತದೆ. ಓದಿದ ಗೆಳೆಯರು ನಕ್ಕರು. ಜಮೀನು ಉಳಿಯಲೇಬೇಕು ಎಂಬುದು ನನ್ನ ಆಸೆ. ಏನು ಮಾಡಲಿ?
ಕಾಲೇಜು ವಿದ್ಯಾರ್ಥಿನಿ, ಮೈಸೂರು

ಆಸೆ ಬಿಡಬೇಡಿ. ಜಮೀನು ಉಳಿಸುವ ದಾರಿಯನ್ನು ಬದಲಿಸಿದರೆ ಸಾಕು.

ನಿಮ್ಮ ಸ್ಕ್ರಿಪ್ಟಿನಲ್ಲಿ ತಮ್ಮ ಕಾಣಿಸಿಕೊಳ್ಳುವುದು ಯಾವ ಪುಟದಲ್ಲಿ ಎಂದು ಮೊದಲು ನೋಡಿ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬುದು ಚಿತ್ರಕಥೆಯ ಲೆಕ್ಕ. 16ನೇ ಪುಟದಲ್ಲಿ ಮೊದಲ ಸಲ ಬರುವವನು 17ನೇ ಪುಟದಲ್ಲಿ ಕಷ್ಟ ಪರಿಹರಿಸಬಾರದು. ನಾವು ಹದಿನಾರು ನಿಮಿಷ ಕಳೆದದ್ದು ಬೆಳೆಗಾರ ಅಪ್ಪ, ಅವನ ಮಗಳ ಜೊತೆ. ಬಿಡುಗಡೆಯೂ ಅವರ ಕೈಯಿಂದಲೇ ಆಗಬೇಕು. ಆಕಸ್ಮಿಕ ಘಟನೆ ಕಷ್ಟವನ್ನು ತಂದರೆ ಪ್ರೇಕ್ಷಕರು ಒಪ್ಪುತ್ತಾರೆ, ಸುಖವನ್ನು ತಂದರೆ ಒಪ್ಪುವುದಿಲ್ಲ. ಗೆಳೆಯರು ನಕ್ಕದ್ದು ಅದಕ್ಕೆ.

ಅವರ ಕೈಯಲ್ಲಿ ಏನಿದೆ ಎಂದು ಹುಡುಕಿ. ನಿಮ್ಮ ಮೊದಲ ಪುಟದಲ್ಲೇ ತಾತನ ಕಾಲದ ಪಾಳುಬಿದ್ದ ಆಲೆಮನೆ ಇದೆ. ಅದನ್ನು ಹಿನ್ನೆಲೆಯ ಚಿತ್ರವಾಗಿ ಬಿಟ್ಟಿದ್ದೀರಿ. ಅದೇ ಬೀಜ. ಮೂರು ಕಡೆ, ಮೂರು ರೂಪದಲ್ಲಿ ಬರಲಿ. 2ನೇ ನಿಮಿಷದಲ್ಲಿ ತುಕ್ಕು ಹಿಡಿದ ಕೊಪ್ಪರಿಗೆಯಲ್ಲಿ ಮಳೆನೀರು ನಿಂತಿದೆ, ಮಗಳು ಕರುವಿಗೆ ನೀರು ಕುಡಿಸುತ್ತಿದ್ದಾಳೆ. 7 ಅಥವಾ 8ನೇ ನಿಮಿಷದಲ್ಲಿ ಗುಜರಿಯವನು ಕೊಪ್ಪರಿಗೆಗೆ ಬೆಲೆ ಕಟ್ಟುತ್ತಾನೆ, ಅಪ್ಪ ಕೊಡುವುದಿಲ್ಲ, ಮನೆಯಲ್ಲಿ ಜಗಳವಾಗುತ್ತದೆ. ಇಲ್ಲಿ ನೋಡುವವರ ಗಮನ ಜಗಳದ ಮೇಲಿರಬೇಕು, ಕೊಪ್ಪರಿಗೆಯ ಕ್ಲೋಸಪ್ ಬೇಡ. 13ನೇ ನಿಮಿಷದಲ್ಲಿ ಬೆಲ್ಲ ಮಾಡಲು ಅದರಡಿ ಬೆಂಕಿ ಹತ್ತುತ್ತದೆ. ಮಧ್ಯದ ಸಲವನ್ನು ಬಿಟ್ಟರೆ ಕೊನೆಯದು ಆಕಾಶದಿಂದ ಬಿದ್ದಂತಿರುತ್ತದೆ. ಮಧ್ಯದ್ದನ್ನೂ ಮೊದಲಿನ ರೂಪದಲ್ಲೇ ತೋರಿಸಿದರೆ ಎಲ್ಲರಿಗೂ ಕೊನೆ ಕಂಡುಬಿಡುತ್ತದೆ.

ಇನ್ನು ಲೆಕ್ಕ. ಮಂಡ್ಯದ ಪ್ರೇಕ್ಷಕರು ಇದನ್ನು ಕುರ್ಚಿಯಲ್ಲಿ ಕೂತೇ ಮಾಡುತ್ತಾರೆ, ತಪ್ಪಿದರೆ ಆ ಕ್ಷಣದಿಂದ ನಿಮ್ಮನ್ನು ನಂಬುವುದಿಲ್ಲ. ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ. ಕಟಾವಾಗಿ ಗಾಡಿ ಸಿಗದೆ ಗದ್ದೆಯಲ್ಲೇ ಒಣಗುತ್ತಿರುವ ಕಬ್ಬು 10 ಟನ್ ಎಂದುಕೊಳ್ಳಿ. ಬೆಲ್ಲ ಒಂದು ಟನ್. ಕೆ.ಜಿ.ಗೆ 40 ರೂಪಾಯಿ ಹಿಡಿದರೆ 40,000. ಕೂಲಿ, ಗಾಣದ ಬಾಡಿಗೆ ಕಳೆಯಬೇಕು. ಇದರಿಂದ ನಿಮ್ಮ ಕಥೆಯ 8 ಲಕ್ಷದ ಸಾಲ ತೀರುವುದು ಸಾಧ್ಯವೇ ಇಲ್ಲ. ಆದ್ದರಿಂದ ಕೊನೆಯಲ್ಲಿ ಸಾಲ ತೀರಿಸಬೇಡಿ. ಜಮೀನು ಕೊಳ್ಳುವವನಿಂದ ಅಪ್ಪ ಬಾಯಿಮಾತಿನ ಮೇಲೆ 25,000 ಮುಂಗಡ ತೆಗೆದುಕೊಂಡಿದ್ದಾನೆ, ಸೋಮವಾರದೊಳಗೆ ಹಿಂದಿರುಗಿಸಿದರೆ ಮಾರಾಟ ನಿಲ್ಲುತ್ತದೆ ಎಂದು ಮಾಡಿ. ಆಗ ಒಂದು ಟನ್ ಬೆಲ್ಲ ಸಾಕಾಗುತ್ತದೆ, ಅದೂ ತುಸು ಇಕ್ಕಟ್ಟಿನಲ್ಲಿ. ಸಾಲ ಉಳಿಯುತ್ತದೆ, ಗದ್ದೆಯೂ ಈ ವರ್ಷಕ್ಕೆ ಉಳಿಯುತ್ತದೆ. ಪುಟ್ಟ ಗೆಲುವನ್ನು ಜನ ನಂಬುತ್ತಾರೆ, ನಂಬಿದ್ದಕ್ಕೇ ಅವರ ಕಣ್ಣು ಒದ್ದೆಯಾಗುತ್ತದೆ.

ಸಮಯದ ಒತ್ತಡವನ್ನು ಬೇರೆಲ್ಲೂ ಹುಡುಕಬೇಕಿಲ್ಲ. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಿಹಿಯನ್ನೂ ಕಳೆದುಕೊಳ್ಳುತ್ತದೆ. ಇದನ್ನು 4ನೇ ನಿಮಿಷದಲ್ಲಿ ಒಂದು ಮಾತಿನಲ್ಲಿ ಹೇಳಿಬಿಡಿ. ಆಮೇಲೆ ಗದ್ದೆಯಲ್ಲಿ ಬಿದ್ದ ಕಬ್ಬಿನ ರಾಶಿಯನ್ನು ತೋರಿಸಿದಷ್ಟು ಸಲವೂ ಗಡಿಯಾರ ತೋರಿಸಿದಂತೆ.

ಮೊದಲ ಕೊಪ್ಪರಿಗೆ ಹಾಳಾಗಲಿ. ಉರಿ ಜಾಸ್ತಿಯಾದರೆ ಪಾಕ ಕಂದುತ್ತದೆ, ಹದಕ್ಕೆ ಮುಂಚೆ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗುವುದಿಲ್ಲ. ಈ ಸೋಲು ಕಥೆಗೆ ಬಹಳ ಮುಖ್ಯ. ತಾತನಿಂದ ಕಲಿಯದೆ ಬಿಟ್ಟ ಕೆಲಸದ ಮುಂದೆ ಅಪ್ಪ ನಿಲ್ಲುವ ಗಳಿಗೆ ಅದು. ಎರಡನೆಯ ಸಲ ತಣ್ಣೀರಿಗೆ ಪಾಕದ ಹನಿ ಬಿಟ್ಟು ಹದ ನೋಡುವುದು ಮಗಳ ಕೈಯಾಗಲಿ. ಅಲ್ಲಿ ಹಿನ್ನೆಲೆ ಸಂಗೀತ ಹಾಕಬೇಡಿ. ಪಿಟೀಲು ಏರಿತೆಂದರೆ ಹದ ಬಂತೆಂದು ಹನಿ ನೀರಿಗೆ ಬೀಳುವ ಮೊದಲೇ ತಿಳಿಯುತ್ತದೆ. ಬೆಂಕಿಯ ಸದ್ದು, ಪಾಕ ಕುದಿಯುವ ಸದ್ದು, ಎಂಟು ಹತ್ತು ಸೆಕೆಂಡು ಅಷ್ಟೇ ಇರಲಿ.

ಮಳೆಯ ವಿಷಯ. ನಾಲೆ ನೀರು ನಂಬಿದ ಗದ್ದೆಗೆ ಊರಿನ ಮೇಲೆ ಬೀಳುವ ಒಂದು ಮಳೆಗಿಂತ ಕೊಡಗಿನಲ್ಲಿ ಬೀಳುವ ಮಳೆ ದೊಡ್ಡದು. ಅಪ್ಪ ಬೆಳಿಗ್ಗೆ ಪೇಪರಿನಲ್ಲಿ ಕೆಆರ್‌ಎಸ್ ನೀರಿನ ಮಟ್ಟ ಓದುವುದನ್ನು ಎರಡು ಸಲ ತೋರಿಸಿ. ತುಂಬಿದಾಗ 124.80 ಅಡಿ ಎಂಬುದು ನಿಮ್ಮ ಪ್ರೇಕ್ಷಕರಿಗೆ ಬಾಯಿಪಾಠ. ಮೊದಲ ಸಲ 87, ಎರಡನೇ ಸಲ 94. ಕೊನೆಯ ಸೀನಿನಲ್ಲಿ ಪೇಪರು ಜಗಲಿಯ ಮೇಲೆ ಮಡಚಿಯೇ ಬಿದ್ದಿರಲಿ, ಅಪ್ಪ ಬೆಲ್ಲದ ಅಚ್ಚು ತೊಳೆಯುತ್ತಿರಲಿ. ಅಂಕಿ ತೋರಿಸುವುದು ಬೇಡ.

ಹಳೆಯ ಸಿನಿಮಾಗಳು ದುಃಖದಲ್ಲಿ ಮುಗಿದರೂ ಓಡುತ್ತಿದ್ದವು. ಈಗ ಯಾಕೆ ಎಲ್ಲವೂ ಮದುವೆ ಮನೆಯಲ್ಲೇ ಮುಗಿಯುತ್ತವೆ?
ಗೃಹಿಣಿ, ಶ್ರೀರಂಗಪಟ್ಟಣ

ಓಡಿದ್ದು ನಿಜ. 1971ರ ‘ಕಸ್ತೂರಿ ನಿವಾಸ’, 1972ರ ‘ನಾಗರಹಾವು’, 1984ರ ‘ಬಂಧನ’ ಮೂರರಲ್ಲೂ ನಾಯಕ ಸಾಯುತ್ತಾನೆ. ‘ಬಂಗಾರದ ಮನುಷ್ಯ’ದ ರಾಜೀವ ಸಾಯುವುದಿಲ್ಲ, ಕಟ್ಟಿ ಬೆಳೆಸಿದ ಮನೆ, ಊರು ಬಿಟ್ಟು ನಡೆದುಹೋಗುತ್ತಾನೆ. ಆ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯಲ್ಲೂ ಹುಡುಗ ಹುಡುಗಿಯನ್ನು ಬಿಟ್ಟುಕೊಡುತ್ತಾನೆ, ಅದನ್ನು ಜನ ಮತ್ತೆ ಮತ್ತೆ ನೋಡಿದರು.

ಇವುಗಳ ಕೊನೆಯಲ್ಲಿ ಒಂದು ಸಾಮ್ಯವಿದೆ. ನಾಯಕನ ಮೂಲಗುಣವೇ ಅವನನ್ನು ಅಲ್ಲಿಗೆ ತಂದು ನಿಲ್ಲಿಸುತ್ತದೆ. ಕೊಟ್ಟೇ ಅಭ್ಯಾಸವಾದ ಕೈ ‘ಕಸ್ತೂರಿ ನಿವಾಸ’ದಲ್ಲಿ ಬರಿದಾಗುತ್ತದೆ. ತನಗೆಂದು ಏನೂ ಕೇಳದ ರಾಜೀವ, ಅಕ್ಕನ ಮಗ ಕೇಳಬಾರದ ಮಾತು ಕೇಳಿದಾಗ ವಾದಕ್ಕೆ ನಿಲ್ಲದೆ ಎದ್ದು ಹೊರಡುತ್ತಾನೆ. ಅವನ ಜಾಗದಲ್ಲಿ ಬೇರೆ ಸ್ವಭಾವದವನಿದ್ದಿದ್ದರೆ ಕಥೆ ಬೇರೆ ಕಡೆ ಮುಗಿಯುತ್ತಿತ್ತು. ಸುಖಾಂತ ಬರೆಯುವವರೂ ಇದೇ ಪರೀಕ್ಷೆ ಮಾಡಿಕೊಳ್ಳಬಹುದು: ನಾಯಕನ ಸ್ವಭಾವ ಬದಲಿಸಿದರೂ ಅದೇ ಸುಖ ಸಿಗುತ್ತದೆಯೇ? ಸಿಗುವುದಾದರೆ ಆ ಸುಖ ಅವನದಲ್ಲ, ಹೊರಗಿನಿಂದ ಅಂಟಿಸಿದ್ದು.

ಈಗ ಸುಖಾಂತ ಹೆಚ್ಚಿರುವುದಕ್ಕೆ ಹಣದ ಭಯ ಒಂದು ಕಾರಣ. ಮೊದಲ ವಾರದಲ್ಲೇ ಚಿತ್ರದ ಹಣೆಬರಹ ತೀರ್ಮಾನವಾಗುವಾಗ, ಅತ್ತುಕೊಂಡು ಹೊರಬಂದವರು ಬೇರೆಯವರನ್ನು ಕಳಿಸುತ್ತಾರೋ ಇಲ್ಲವೋ ಎಂಬ ಅಳುಕು ನಿರ್ಮಾಪಕರಿಗಿರುತ್ತದೆ. ಮೇಲಿನ ಹೆಸರುಗಳನ್ನು ನೋಡಿದರೆ ಆ ಅಳುಕಿಗೆ ಆಧಾರ ಕಡಿಮೆ.

ವಿಲನ್ ಕೊನೆಯ ಐದು ನಿಮಿಷದಲ್ಲಿ ಒಳ್ಳೆಯವನಾಗುವುದನ್ನು ನಂಬುವುದು ಹೇಗೆ?
ಓದುಗರು, ಕೆ.ಆರ್. ಪೇಟೆ

ಐದೇ ನಿಮಿಷದಲ್ಲಾದರೆ ನಂಬಬೇಡಿ. 1974ರ ‘ಭೂತಯ್ಯನ ಮಗ ಅಯ್ಯು’ ಇದಕ್ಕೆ ಒಳ್ಳೆಯ ಪಾಠ. ಊರಿನವರನ್ನು ಗೋಳಾಡಿಸಿದ ಭೂತಯ್ಯ ಸತ್ತಾಗ ಹೆಣ ಹೊರಲು ಊರಿನವರು ಬರುವುದಿಲ್ಲ. ಕ್ಲೈಮ್ಯಾಕ್ಸಿಗೆ ಬಹಳ ಮುಂಚೆಯೇ ಅಯ್ಯು ಅದನ್ನು ಕಣ್ಣಾರೆ ಕಾಣುತ್ತಾನೆ. ಕೊನೆಗೆ ಅವನು ಬದಲಾದಾಗ ಆ ದೃಶ್ಯ ನಮ್ಮ ಮನಸ್ಸಿನಲ್ಲಿ ಇನ್ನೂ ಇರುತ್ತದೆ.

ಬರೆಯುವಾಗ ವಿಲನ್‌ನ ಕಲ್ಲು ಮನಸ್ಸಿನಲ್ಲಿ ಕನಿಷ್ಠ ಮೂರು ಬಿರುಕು ಇಡಿ. ಮೊದಲನೆಯದರಲ್ಲಿ ಅವನು ನೋಡಿ ಸುಮ್ಮನಾಗಲಿ, ಎರಡನೆಯದರಲ್ಲಿ ಸಿಟ್ಟಾಗಿ ಮೊದಲಿಗಿಂತ ಕೆಟ್ಟ ಕೆಲಸ ಮಾಡಲಿ, ಮೂರನೆಯದರಲ್ಲಿ ಒಡೆಯಲಿ. ಎರಡನೆಯದನ್ನು ಬಿಡುವವರೇ ಹೆಚ್ಚು. ಮನುಷ್ಯ ತಿದ್ದಿಕೊಳ್ಳುವ ಮುಂಚೆ ಒಮ್ಮೆ ಹಟ ಹಿಡಿಯುತ್ತಾನೆ. ಒಳ್ಳೆಯವನಾದ ಮೇಲೆ ಕೈಮುಗಿದರಷ್ಟೇ ಸಾಲದು, ಕಿತ್ತುಕೊಂಡದ್ದರಲ್ಲಿ ಏನಾದರೂ ಹಿಂದಕ್ಕೆ ಕೊಡಬೇಕು.

ನಮ್ಮ ನಾಟ್ಯಶಾಸ್ತ್ರವೇ ಸುಖಾಂತ ಬೇಕೆಂದು ಹೇಳಿರುವಾಗ ಸಿನಿಮಾದವರನ್ನು ದೂರುವುದು ಸರಿಯೇ?
ನಿವೃತ್ತ ಅಧ್ಯಾಪಕರು, ಸರಸ್ವತಿಪುರಂ, ಮೈಸೂರು

ಸಂಸ್ಕೃತ ನಾಟಕ ಫಲಪ್ರಾಪ್ತಿಯಲ್ಲಿ ಮುಗಿಯುವುದು ನಿಜ. ಆದರೆ ಅಲ್ಲಿಗೆ ಹೋಗುವ ದಾರಿಯನ್ನು ಶಾಸ್ತ್ರ ಸುಲಭ ಮಾಡಿಲ್ಲ. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಲ್ಲಿ, ಅಂದರೆ ಕಥೆಯ ಐದು ಘಟ್ಟಗಳಲ್ಲಿ, ಬೀಜ ಮೊದಲು ಬೀಳುತ್ತದೆ, ಕಂಡು ಮರೆಯಾಗುತ್ತದೆ, ಸಿಕ್ಕಿ ಮತ್ತೆ ಕಳೆದುಹೋಗುತ್ತದೆ. ಫಲ ಕೈಗೆ ಬಂತು ಎನ್ನುವಾಗ ಶಾಪವೋ ಕೋಪವೋ ಅಡ್ಡ ಬರುವುದು ವಿಮರ್ಶದಲ್ಲಿ. ನಮ್ಮ ಬಹಳಷ್ಟು ಚಿತ್ರಕಥೆಗಳು ಸೊರಗುವುದು ಇದೇ ನಾಲ್ಕನೆಯ ಸಂಧಿಯಲ್ಲಿ: ಅಡ್ಡಿಯ ಜಾಗದಲ್ಲಿ ಒಂದು ಹೊಡೆದಾಟ ಇಟ್ಟು ಮುಗಿಸುತ್ತಾರೆ.

ಕಾಳಿದಾಸನ ಶಾಕುಂತಲದ ಉಂಗುರವನ್ನು ನೋಡಿ. ಮೀನಿನ ಹೊಟ್ಟೆಯಲ್ಲಿ ಅದು ಸಿಗುವುದು ಶುದ್ಧ ಆಕಸ್ಮಿಕ. ಅಗ್ಗದ ಕಥೆಯಾಗಿದ್ದರೆ ಆರನೇ ಅಂಕದ ಆರಂಭದಲ್ಲೇ ದುಷ್ಯಂತ ಓಡಿಹೋಗಿ ಶಕುಂತಲೆಯ ಕೈ ಹಿಡಿಯುತ್ತಿದ್ದ. ಇಲ್ಲಿ ಉಂಗುರ ತರುವುದು ನೆನಪನ್ನು, ನೆನಪು ತರುವುದು ಪಶ್ಚಾತ್ತಾಪವನ್ನು. ಇಡೀ ಅಂಕ ರಾಜ ಬೇಯುತ್ತಾನೆ. ಕೂಡುವುದು ಏಳನೆಯದರಲ್ಲಿ, ಮಗನನ್ನು ನೋಡಿದ ಮೇಲೆ. ಸುಖಕ್ಕೆ ಬೆಲೆ ಕಟ್ಟಿಸಿಕೊಳ್ಳುವುದೆಂದರೆ ಇದು.

ದುಃಖಾಂತವೂ ನಮಗೆ ಹೊರಗಿನದಲ್ಲ. ಭಾಸನ ‘ಊರುಭಂಗ’ ದುರ್ಯೋಧನನ ಸಾವಿನಲ್ಲಿ ಮುಗಿಯುತ್ತದೆ. ರನ್ನನ ‘ಗದಾಯುದ್ಧ’ದಲ್ಲಿ ಸೋಲುವವನ ದೊಡ್ಡತನವನ್ನು ಕಂಡ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕದ ಹದವನ್ನು ‘ಅಶ್ವತ್ಥಾಮನ್’ ಮೂಲಕ ಕನ್ನಡಕ್ಕೆ ತಂದರು. ಅವರು ಪಾಠ ಹೇಳಿದ ಮಹಾರಾಜ ಕಾಲೇಜು ನಿಮ್ಮ ಬಡಾವಣೆಗೆ ದೂರವೇನಲ್ಲ.

ಕ್ಲೈಮ್ಯಾಕ್ಸ್ ಆದ ಮೇಲೆ ಚಿತ್ರ ಎಷ್ಟು ಹೊತ್ತು ಇರಬೇಕು?
ಓದುಗರು, ಮಳವಳ್ಳಿ

ಪೂರ್ಣ ಚಿತ್ರಕ್ಕೆ ಎರಡರಿಂದ ನಾಲ್ಕು ನಿಮಿಷ, ಕಿರುಚಿತ್ರಕ್ಕೆ ಒಂದು ನಿಮಿಷದ ಆಸುಪಾಸು. ಎಲ್ಲರೂ ಸಾಲಾಗಿ ನಿಂತು ನಗುವ ದೃಶ್ಯ ಬೇಡ. ಅದಕ್ಕೂ ಮುಂಚೆಯೇ ನಿಲ್ಲಿಸಿ, ಕತ್ತರಿಸಿದ ಒಂದೊಂದು ನಿಮಿಷವೂ ಚಿತ್ರಕ್ಕೆ ಲಾಭ.

ದುಃಖದಲ್ಲಿ ಮುಗಿಯುವ ಕಥೆ ನನ್ನದು. ನಿರ್ಮಾಪಕರು ಮದುವೆಯಲ್ಲಿ ಮುಗಿಸಿ ಎನ್ನುತ್ತಿದ್ದಾರೆ. ಒಪ್ಪದಿದ್ದರೆ ಚಿತ್ರವೇ ಇಲ್ಲ.
ಯುವ ನಿರ್ದೇಶಕರು, ಪಾಂಡವಪುರ

ನಿಮ್ಮ ಸಂಕಟ ಸಿನಿಮಾದಷ್ಟೇ ಹಳೆಯದು. 1924ರಲ್ಲಿ ಜರ್ಮನಿಯ ಮುರ್ನೌ ‘ದ ಲಾಸ್ಟ್ ಲಾಫ್’ ಎಂಬ ಮೂಕಿ ಚಿತ್ರ ಮಾಡಿದರು. ಹೋಟೆಲಿನ ಬಾಗಿಲು ಕಾಯುವ ಮುದುಕನನ್ನು ಶೌಚಾಲಯದ ಕೆಲಸಕ್ಕೆ ಇಳಿಸುತ್ತಾರೆ, ಅವನ ಮರ್ಯಾದೆಯೆಲ್ಲ ಆ ಹೊಳೆಯುವ ಕೋಟಿನ ಜೊತೆ ಹೋಗುತ್ತದೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆಗ ಪರದೆಯ ಮೇಲೆ ಒಂದು ಬರಹ: ನಿಜ ಜೀವನದಲ್ಲಾದರೆ ಇವನಿಗೆ ಉಳಿದಿರುವುದು ಸಾವೊಂದೇ, ಕಥೆ ಬರೆದವರಿಗೆ ಕನಿಕರ ಬಂದು ಬೇರೊಂದು ಕೊನೆ ಕೊಟ್ಟಿದ್ದಾರೆ ಎಂಬ ಅರ್ಥದ್ದು. ಆಮೇಲೆ ಮುದುಕನಿಗೆ ಒಬ್ಬ ಕೋಟ್ಯಧಿಪತಿಯ ಆಸ್ತಿ ಬರುತ್ತದೆ. ಅಂಟಿಸಿದ್ದನ್ನು ಅಂಟಿಸಿದ್ದೆಂದು ಒಪ್ಪಿಕೊಂಡ ಕಾರಣ ಆ ಕೊನೆಯನ್ನು ಜನ ಇಂದಿಗೂ ಚರ್ಚಿಸುತ್ತಾರೆ.

ನೀವು ಮಾಡಬಹುದಾದ್ದು: ಎರಡೂ ಕೊನೆ ಚಿತ್ರೀಕರಿಸುವುದಾಗಿ ಕರಾರಿನಲ್ಲೇ ಬರೆಸಿ. ಎರಡೂ ಒಂದೇ ಜಾಗದಲ್ಲಿ, ಅದೇ ಉಡುಪಿನಲ್ಲಿ, ಹೊಸ ಪಾತ್ರವಿಲ್ಲದೆ ಇದ್ದರೆ ಒಂದು ದಿನದ ಹೆಚ್ಚುವರಿ ಕೆಲಸದಲ್ಲಿ ಮುಗಿಯುತ್ತದೆ. ಮದುವೆ ಮಂಟಪ ಬರೆದರೆ ಖರ್ಚೂ ಹೆಚ್ಚು, ಸುಳ್ಳೂ ಹೆಚ್ಚು. ‘ಆರು ತಿಂಗಳ ನಂತರ’ ಎಂಬ ಅಕ್ಷರ ಹಾಕಿ ಜಿಗಿಯಬೇಡಿ, ಆ ಆರು ತಿಂಗಳಲ್ಲೇ ನಿಮ್ಮ ನಿಜವಾದ ಕಥೆ ಇರುತ್ತದೆ. ತೀರ್ಮಾನವನ್ನು ಎಡಿಟಿಂಗ್‌ಗೆ ಬಿಡಿ, ಅದಕ್ಕೂ ಮುಂಚೆ ಹೊರಗಿನವರಿಗೆ ತೋರಿಸಿ. ಹೇಗೆ ಎಂಬುದು ಮುಂದಿನ ಉತ್ತರದಲ್ಲಿದೆ.

ನಮ್ಮ ಚಿತ್ರದ ಕೊನೆ ಮೊದಲೇ ಗೊತ್ತಾಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ದಾರಿ ಇದೆಯೇ?
ಚಿತ್ರತಂಡ, ಕುವೆಂಪುನಗರ, ಮೈಸೂರು

ಇದೆ, ಖರ್ಚು ಚೀಟಿ, ಪೆನ್ನು, ಕಾಫಿಯಷ್ಟೇ. 12ರಿಂದ 15 ಜನರನ್ನು ಕೂರಿಸಿ. ಮನೆಯವರು, ತಂಡದವರು ಬೇಡ, ಅವರು ನಿಮ್ಮ ಮುಖ ನೋಡಿ ಉತ್ತರ ಹೇಳುತ್ತಾರೆ. ಅರ್ಧ ವಯಸ್ಸಾದವರು, ಅರ್ಧ ಹುಡುಗರು ಇರಲಿ. ಇಂಟರ್ವಲ್ಲಿಗೆ ನಿಲ್ಲಿಸಿ ಪ್ರತಿಯೊಬ್ಬರಿಗೂ ಚೀಟಿ ಕೊಡಿ. ಎರಡೇ ಪ್ರಶ್ನೆ: ಕೊನೆಗೆ ಏನಾಗುತ್ತದೆ? ಹೇಗೆ ಆಗುತ್ತದೆ? ಹೆಸರು ಬರೆಸಬೇಡಿ, ಮಾತಾಡಿಕೊಳ್ಳಲು ಬಿಡಬೇಡಿ. ಚೀಟಿ ಮಡಚಿ ಡಬ್ಬಿಗೆ ಹಾಕಿಸಿ, ಚಿತ್ರ ಮುಗಿಯುವವರೆಗೆ ನೀವೂ ತೆರೆಯಬೇಡಿ.

ಮೊದಲ ಪ್ರಶ್ನೆಗೆ 15ರಲ್ಲಿ 12 ಜನ ಸರಿ ಬರೆದಿದ್ದರೂ ಚಿಂತೆಯಿಲ್ಲ. ಎರಡನೆಯದಕ್ಕೆ ಐದಕ್ಕಿಂತ ಹೆಚ್ಚು ಜನ ಸರಿ ಬರೆದಿದ್ದರೆ ಮೊದಲರ್ಧದಲ್ಲಿ ಯಾವ ಶಾಟ್ ಗುಟ್ಟು ಬಿಟ್ಟುಕೊಟ್ಟಿತು ಎಂದು ಕೇಳಿ. ಹೆಚ್ಚಿನ ಸಲ ಅದು ಒಂದೇ ಶಾಟ್ ಆಗಿರುತ್ತದೆ, ಎರಡು ಸೆಕೆಂಡು ಕತ್ತರಿಸಿದರೆ ಸರಿಹೋಗುತ್ತದೆ. ಎರಡನೆಯ ಪ್ರಶ್ನೆಗೆ ಒಬ್ಬರೂ ಸರಿ ಬರೆದಿಲ್ಲ ಎಂದರೆ ಅದೂ ಅಪಾಯ, ಬೀಜ ಯಾರ ಕಣ್ಣಿಗೂ ಬಿದ್ದಿಲ್ಲ. ಇಬ್ಬರು ಮೂವರು ಸರಿ ಊಹಿಸಿ, ಉಳಿದವರು ಚಿತ್ರ ಮುಗಿದಾಗ ‘ಅಯ್ಯೋ, ಆಗಲೇ ತೋರಿಸಿದ್ದರಲ್ಲ’ ಎಂದರೆ ಕೊನೆ ಹದಕ್ಕೆ ಬಂದಿದೆ.

ಚೀಟಿಯ ಜೊತೆಗೆ ಇನ್ನೊಂದನ್ನು ಗಮನಿಸಿ. ಕೊನೆಯ ಹತ್ತು ನಿಮಿಷ ನೀವು ಪರದೆಯತ್ತ ನೋಡಬೇಡಿ, ಕೂತವರತ್ತ ನೋಡಿ. ಯಾವ ನಿಮಿಷದಲ್ಲಿ ಮೊಬೈಲು ಹೊರಬಂತು, ಯಾವ ನಿಮಿಷದಲ್ಲಿ ಚಪ್ಪಲಿ ಹುಡುಕಲು ಕಾಲು ಆಡಿತು ಎಂದು ಬರೆದುಕೊಳ್ಳಿ. ಕತ್ತರಿ ಹಾಕಬೇಕಾದ ಜಾಗ ಅದೇ.